ಹೊಗೆಗೂಡಿಲ್ಲದ ಊರು

ಹೋದ ಮಳೆಗಾಲದಲ್ಲಿ ಹುಣಸೂರಿನಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಒಂದೆರಡು ಸಲ ನನ್ನ ಕಡೆ ಮೂಗು ತಿರುಗಿಸಿ, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು. "ಅಮ್ಮಾ, ತಪ್ ತಿಳ್ಕಬ್ಯಾಡಿ. ನಿಮ್ಮನೇಗೇನಾರ ಬೆಂಕಿಗಿಂಕಿ ಬಿದ್ದಿತ್ತಾ?" ನಾನು ಸೆರಗನ್ನು ಮೂಗಿನ ಹತ್ತಿರ ತಂದು ನೋಡಿದೆ. ಆಕೆಯ ಅನುಮಾನದಲ್ಲಿ ಅನ್ಯಾಯವೇನೂ ಇರಲಿಲ್ಲ. "ಇಲ್ಲಮ್ಮ, ನಮ್ಮದು ಹೊಗೆಮುಕ್ತ ಗ್ರಾಮ" ಎಂದೆ. ಆಕೆ ಕಿಟಕಿಯ ಕಡೆಗೆ ಒಂದು ಗೇಣು ಸರಿದು ಕೂತಳು.

ಹೊಗೆಮುಕ್ತ ಗ್ರಾಮದ ನಿವಾಸಿನಿಯೊಬ್ಬಳು ಸುಟ್ಟ ಮನೆಯಿಂದ ಎದ್ದು ಬಂದವಳ ಹಾಗೆ ನಾರುವುದು ಹೇಗೆ ಸಾಧ್ಯ ಎಂದು ನಿಮಗೂ ಸಂಶಯ ಬಂದಿರಬಹುದು. ಬರಬೇಕಾದದ್ದೇ. ಅದನ್ನು ಬಿಡಿಸಿ ಹೇಳುವ ಮೊದಲು ನನ್ನ ಪರಿಚಯ ಮಾಡಿಕೊಳ್ಳುವುದು ಮೇಲು, ಏಕೆಂದರೆ ಈ ವೃತ್ತಾಂತದಲ್ಲಿ ನನ್ನ ಕೈಯೂ ಇದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ತವರು ಕೃಷ್ಣರಾಜನಗರದ ನಾಲೆ ಬಯಲು, ಸೇರಿದ್ದು ಹನಗೋಡಿನ ರಸ್ತೆಯಲ್ಲಿರುವ ಈ ಊರು. ಸರಳವಾದ ಒಂದು ವಾಕ್ಯ ಕಂಡರೆ ಅದಕ್ಕೆ ಎರಡು ವಿಶೇಷಣ ತೊಡಿಸದೆ ಬಿಡಲಾರೆ ಎಂಬ ನನ್ನ ದೌರ್ಬಲ್ಯವನ್ನು ಊರಿನ ಪಂಚಾಯಿತಿಯವರು ಬಹಳ ಬೇಗ ಕಂಡುಹಿಡಿದರು. ಅಂದಿನಿಂದ ಸ್ವಾಗತ ಭಾಷಣ, ಮನವಿಪತ್ರ, ಗೋಡೆಬರಹ, ಸತ್ತವರಿಗೆ ಶ್ರದ್ಧಾಂಜಲಿ, ಸಾಯದವರಿಗೆ ಅಭಿನಂದನೆ ಎಲ್ಲವೂ ನನ್ನ ಲೇಖನಿಯಿಂದಲೇ ಹೊರಡುತ್ತವೆ.

ನಮ್ಮ ಸೀಮೆಯ ಹೊಗೆಯ ಬಗ್ಗೆಯೂ ಹೊರಗಿನವರಿಗೆ ನಾಲ್ಕು ಮಾತು ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಈ ಮೂರೂ ತಾಲ್ಲೂಕುಗಳಲ್ಲಿ ಹೊಲಕ್ಕೆ ಹೊಗೆಸೊಪ್ಪು ಹಾಕದವನನ್ನು ಬೆರಳು ಮಾಡಿ ತೋರಿಸಬಹುದು. ಆಷಾಢದಲ್ಲಿ ಎಲೆ ಮುರಿಯಲು ತೊಡಗಿದರೆಂದರೆ, ಅದನ್ನು ಕಡ್ಡಿಗೆ ಕಟ್ಟಿ, ಕಿಟಕಿಯಿಲ್ಲದ ಎತ್ತರದ ಕಟ್ಟಡವೊಂದರಲ್ಲಿ ಸಾಲುಸಾಲಾಗಿ ನೇತುಹಾಕಿ, ಕೆಳಗೆ ಹಗಲಿರುಳೆನ್ನದೆ ಸೌದೆ ಉರಿಸಿ, ಹಸಿರೆಲೆ ಹೊನ್ನಿನ ಬಣ್ಣಕ್ಕೆ ತಿರುಗುವವರೆಗೂ ಹದ ಮಾಡುತ್ತಾರೆ. ಆ ಕಟ್ಟಡಕ್ಕೆ ಬ್ಯಾರನ್ ಎಂದು ಹೆಸರು. ಅದು ಇಂಗ್ಲಿಷಿನ ಪದವೆಂದು ಇಲ್ಲಿ ಯಾರಿಗೂ ಅನಿಸುವುದಿಲ್ಲ, ರಾಗಿಯಷ್ಟೇ ನಮ್ಮದಾಗಿಬಿಟ್ಟಿದೆ. ನಮ್ಮ ಊರಿನ ಸುತ್ತ ಬ್ಯಾರನ್‌ಗಳು ಉರಿಯುವ ತಿಂಗಳುಗಳಲ್ಲಿ ಬೆಳಗಿನ ಮಂಜು ಯಾವುದು, ಹೊಗೆ ಯಾವುದು ಎಂದು ವಿಂಗಡಿಸಲು ಹೋದವರು ಸೋತು ಮನೆಗೆ ಮರಳುತ್ತಾರೆ. ಲಾರಿಗಟ್ಟಲೆ ಸೌದೆ ಹಾಗೆ ಹೋಗುತ್ತದೆ.

ಹೀಗಿರಲು, ಒಂದು ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂದಿತು. ಭೂಮಂಡಲ ಬಿಸಿಯೇರುತ್ತಿರುವುದರಿಂದ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯಲ್ಲಿ ಹೊರಡುವ ಇಂಗಾಲದ ಅನಿಲವನ್ನು ತಗ್ಗಿಸತಕ್ಕದ್ದು, ಅದಕ್ಕಾಗಿ ಯಾವುದಾದರೂ ಒಂದು ಬಾಬತ್ತನ್ನು ಆರಿಸಿಕೊಳ್ಳತಕ್ಕದ್ದು, ಮಳೆಗಾಲ ಕಳೆಯುವುದರೊಳಗೆ ಫಲಿತಾಂಶ ತೋರಿಸತಕ್ಕದ್ದು ಎಂಬುದು ಅದರ ಸಾರಾಂಶ. ನಮ್ಮ ಅಧ್ಯಕ್ಷೆ ಭಾಗ್ಯಮ್ಮ ಸಭೆ ಕರೆದರು. ಭಾಗ್ಯಮ್ಮನ ವಿಚಾರವಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಕೆ ಗೆದ್ದದ್ದು ಮಹಿಳಾ ಮೀಸಲಾತಿಯಲ್ಲಿ, ಆದ್ದರಿಂದ ಆಕೆಯ ಗಂಡ ಸ್ವಾಮಿಗೌಡರೇ ಆಡಳಿತ ನಡೆಸುತ್ತಾರೆಂದು ಎಲ್ಲರೂ ಎಣಿಸಿದ್ದರು. ಮೊದಲ ಸಭೆಯಲ್ಲೇ ಆಕೆ ಗಂಡನನ್ನು ಹೊರಗಿನ ಜಗಲಿಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಕೆ ಕೊಟ್ಟ ಮಾತನ್ನು ನಡೆಸುವ ಹೆಂಗಸು. ರಾಜಕೀಯದಲ್ಲಿ ಅದು ಎಷ್ಟು ಅನನುಕೂಲವಾದ ಗುಣ ಎಂಬುದು ಆಮೇಲೆ ಗೊತ್ತಾಯಿತು.

ಸಭೆಯಲ್ಲಿ ಪಿಡಿಒ ಸಾಹೇಬರು, ಎಂದರೆ ನಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಒಂದೊಂದೇ ಬಾಬತ್ತನ್ನು ಓದಿದರು. ವಾಹನ ಎಂದರು. ಹೊರಗೆ ನಿಲ್ಲಿಸಿದ್ದ ಬೈಕುಗಳ ಕಡೆ ಸದಸ್ಯರೆಲ್ಲ ಒಮ್ಮೆ ಮಮತೆಯಿಂದ ನೋಡಿದರು. ವಾಹನ ಬಿಟ್ಟುಹೋಯಿತು. ಜಾನುವಾರು ಎಂದರು. ದನ ಮೆಲುಕು ಹಾಕುತ್ತ ತೇಗಿದಾಗ ಹೊರಡುವ ಅನಿಲ ಇಂಗಾಲಕ್ಕಿಂತ ಕೆಟ್ಟದ್ದು ಎಂದು ವಿವರಿಸಿದರು. "ಅದುಕ್ ತೇಗ್ಬ್ಯಾಡ ಅಂತ ಏಳಕ್ಕಾದದಾ ಸಾ?" ಎಂದು ಒಬ್ಬ ಸದಸ್ಯ ಕೇಳಿದ್ದೇ ಪಿಡಿಒ ಸರ್ಕಾರದ ಕೈಪಿಡಿಯ ಪುಟ ಮಗುಚಿದರು. ಮುಂದಿನದು ಸೌದೆ ಒಲೆ ಮತ್ತು ಕುಲುಮೆಗಳು. ಕುಲುಮೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಸಭೆಯಲ್ಲಿ ಒಂದು ಗಾಢವಾದ ಮೌನ ನೆಲೆಸಿತು, ಏಕೆಂದರೆ ಅಲ್ಲಿದ್ದ ಪ್ರತಿಯೊಬ್ಬ ಸದಸ್ಯನಿಗೂ ಒಂದೊಂದು ಬ್ಯಾರನ್ ಇತ್ತು. ಇಲ್ಲದವರು ಬ್ಯಾರನ್ ಇದ್ದವನ ಬೀಗರಾಗಿದ್ದರು. ನಮ್ಮ ಯಜಮಾನರೂ ನಮ್ಮ ಹೊಲವನ್ನು ಹೊಗೆಸೊಪ್ಪಿನವರಿಗೇ ಗುತ್ತಿಗೆ ಕೊಟ್ಟಿರುವುದರಿಂದ ನಡಾವಳಿ ಬರೆಯಲು ಹೋಗಿದ್ದ ನಾನೂ ಆ ಮೌನದಲ್ಲಿ ಯಥಾಶಕ್ತಿ ಪಾಲುಗೊಂಡೆ.

ಆಗ ಯಾರಿಗೋ ಬಚ್ಚಲುಮನೆಯ ನೀರೊಲೆ ನೆನಪಾಯಿತು. ಸಭೆಗೆ ಜೀವ ಬಂತು. ಊರಿನ ಪ್ರತಿ ಮನೆಯಲ್ಲೂ ತಾಮ್ರದ್ದೋ ಸಿಲ್ವರಿನದೋ ಒಂದು ಹಂಡೆ, ಅದರ ಕೆಳಗೆ ಒಂದು ಒಲೆ, ಮೇಲೆ ಹೆಂಚು ದಾಟಿ ನಿಂತ ಒಂದು ಹೊಗೆಗೂಡು. ಅಲ್ಲಿ ಉರಿಯುವುದು ತೆಂಗಿನ ಗರಿ, ಜೋಳದ ಬೆಂಡು, ಹೊಗೆಸೊಪ್ಪಿನ ಒಣಕಡ್ಡಿ. ಆದರೂ ಹೊಗೆ ಹೊಗೆಯೇ ತಾನೆ? ಭೂಮಿಯ ಜ್ವರಕ್ಕೆ ಕಾರಣ ನಮ್ಮೂರ ಹೆಂಗಸರು ಕಾಯಿಸುವ ಮೀಯುವ ನೀರು ಎಂಬ ತೀರ್ಮಾನಕ್ಕೆ ಯಾರೂ ಆಕ್ಷೇಪಣೆ ಎತ್ತಲಿಲ್ಲ. ಆಕ್ಷೇಪಣೆ ಎತ್ತಬೇಕಾದವರು ಆ ಹೊತ್ತಿನಲ್ಲಿ ಮನೆಯಲ್ಲಿ ಮುದ್ದೆ ತೊಳಸುತ್ತಿದ್ದರು.

ಭಾಗ್ಯಮ್ಮ ಮಾತ್ರ ಕೇಳಿದರು. "ಒಲೆ ಒಡುದ್ರೆ ಬಿಸ್ನೀರ್ಗೇನ್ ಮಾಡದು?" ಸೋಲಾರು, ಎಂದರು ಪಿಡಿಒ. ಮೊದಲ ಹಂತದಲ್ಲಿ ಮಾದರಿಗಾಗಿ ಅಧ್ಯಕ್ಷರ ಮನೆಗೆ, ಎರಡನೆಯ ಹಂತದಲ್ಲಿ ಊರಿಗೆಲ್ಲ. ಎರಡನೆಯ ಹಂತ ಎಂದರೆ ಸರ್ಕಾರದ ಭಾಷೆಯಲ್ಲಿ ಏನರ್ಥ ಎಂಬುದು ನಿಮಗೂ ತಿಳಿದಿದೆ, ನನಗೂ ತಿಳಿದಿದೆ. ಭಾಗ್ಯಮ್ಮ ನಂಬಿದರು. ಮಾರನೆಯ ವಾರವೇ ಫೋಟೋದವನನ್ನು ಕರೆಸಿ, ಅತ್ತೆ ಚಿಕ್ಕತಾಯಮ್ಮನ ಪ್ರತಿಭಟನೆಯನ್ನು ಲೆಕ್ಕಿಸದೆ, ತಮ್ಮ ಬಚ್ಚಲ ಒಲೆಯನ್ನು ತಾವೇ ಹಾರೆ ಹಿಡಿದು ಬುಡಸಮೇತ ಕಿತ್ತುಹಾಕಿ, ಆ ಜಾಗಕ್ಕೆ ಸಿಮೆಂಟು ಬಳಿಸಿದರು. 'ನಿರ್ಧೂಮ ನಿರ್ಮಲ ನಂದನವನ ನಮ್ಮ ಗ್ರಾಮ' ಎಂದು ಪಂಚಾಯಿತಿ ಗೋಡೆಯ ಮೇಲೆ ಬರೆಸಿದ್ದು ನಾನು. ಅನುಪ್ರಾಸಕ್ಕಾಗಿ ಇಡೀ ಒಂದು ರಾತ್ರಿ ನಿದ್ದೆಗೆಟ್ಟಿದ್ದೆ.

ಉಳಿದ ಮನೆಗಳಲ್ಲಿ ನಡೆದದ್ದೇ ಬೇರೆ. ಪರಿಶೀಲನೆಗೆ ಬರುವವರು ಡ್ರೋನ್ ಹಾರಿಸಿ ಆಕಾಶದಿಂದ ಹೊಗೆಗೂಡುಗಳನ್ನು ಎಣಿಸುತ್ತಾರೆ ಎಂಬ ಸುದ್ದಿ ಹೇಗೋ ಹೊರಬಿತ್ತು. ಆಕಾಶದಿಂದ ನೋಡುವವನಿಗೆ ಕಾಣುವುದು ಹೊಗೆಗೂಡೇ ಹೊರತು ಒಲೆಯಲ್ಲವಲ್ಲ. ಸೋಲಾರು ಬರುವವರೆಗೆ ತಣ್ಣೀರು ಮೀಯಲು ಸಿದ್ಧರಿಲ್ಲದ ನಮ್ಮ ಜನ, ಆದೇಶಕ್ಕೂ ಅವಮಾನವಾಗದಂತೆ, ತಮಗೂ ತೊಂದರೆಯಾಗದಂತೆ, ಮೇಸ್ತ್ರಿಯನ್ನು ಕರೆಸಿ ಬರೀ ಹೊಗೆಗೂಡುಗಳನ್ನು ಕೆಡವಿಸಿ, ತೂತಿನ ಮೇಲೆ ಹೆಂಚು ಮುಚ್ಚಿಸಿದರು. ಒಲೆ ಎಂದಿನಂತೆ ಉರಿಯಿತು. ಹೊರಕ್ಕೆ ಹೋಗುತ್ತಿದ್ದ ಹೊಗೆ ದಾರಿ ಕಾಣದೆ ಬಚ್ಚಲಿನಿಂದ ಅಡುಗೆಮನೆಗೆ, ಅಲ್ಲಿಂದ ನಡುಮನೆಗೆ, ನಡುಮನೆಯಿಂದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಗಳವರೆಗೆ ಸಂಚಾರ ಬೆಳೆಸಿತು. ನಮ್ಮ ಮನೆಯ ಗೂಡೂ ಹೋಯಿತು. ಘೋಷಣೆ ಬರೆದವಳ ಮನೆಯಲ್ಲೇ ಗೂಡು ನಿಂತಿದ್ದರೆ ಚೆನ್ನಾಗಿರುವುದಿಲ್ಲ ಎಂದು ಯಜಮಾನರು ಹೇಳಿದರು, ನಾನು ಕೆಮ್ಮುತ್ತ ಒಪ್ಪಿದೆ. ಬಸ್ಸಿನ ಆ ಹೆಂಗಸಿನ ಪ್ರಶ್ನೆಗೆ ನಿಜವಾದ ಉತ್ತರ ಇದು.

ಆಷಾಢ ಹಿಡಿಯಿತು. ಅದೇ ತಿಂಗಳಿನಲ್ಲಿ ಭಾಗ್ಯಮ್ಮನ ಒಬ್ಬಳೇ ಮಗಳು ಕಾವ್ಯ, ಎಚ್.ಡಿ. ಕೋಟೆಯಿಂದಾಚೆ ಎನ್. ಬೇಗೂರಿಗೆ ಕೊಟ್ಟವಳು, ಚೊಚ್ಚಲ ಹೆರಿಗೆ ಮುಗಿಸಿಕೊಂಡು ಹೆಣ್ಣು ಕೂಸಿನೊಂದಿಗೆ ತಾಯಿಮನೆಗೆ ಬಂದಳು. ನಮ್ಮ ಕಡೆ ಬಾಣಂತನ ಎಂದರೆ ಮುಖ್ಯವಾಗಿ ನೀರು. ಔಷಧ, ಪಥ್ಯ, ಬೆಳ್ಳುಳ್ಳಿ, ಮೆಣಸು ಎಲ್ಲ ಅದರ ನಂತರ. ದಿನ ಬೆಳಗಾದರೆ ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಸುಡುಸುಡು ನೀರನ್ನು ಬೆನ್ನಿಗೆ, ಸೊಂಟಕ್ಕೆ ರಪ್ಪರಪ್ಪನೆ ಹೊಯ್ಯಬೇಕು. ಹೊಯ್ಯುವವರ ಕೈ ಸೋಲಬೇಕು, ಹೊಯ್ಯಿಸಿಕೊಳ್ಳುವವಳ ಮೈ ಕೆಂಪಾಗಬೇಕು. ಹಾಗಾದರೆ ಮಾತ್ರ ಹೆತ್ತ ಮೈ ಗಟ್ಟಿಯಾಗುತ್ತದೆ ಎಂದು ಇಲ್ಲಿನ ಅಜ್ಜಿಯರ ಸಿದ್ಧಾಂತ. ಡಾಕ್ಟರುಗಳ ಅಭಿಪ್ರಾಯ ಏನೇ ಇರಲಿ, ಮೂರು ತಿಂಗಳು ಆ ನೀರು ಬಿದ್ದ ಸೊಂಟದಲ್ಲಿ ನಾನೂ ಇಷ್ಟು ವರ್ಷ ಕರಿಹಲಗೆಯ ಮುಂದೆ ನಿಂತಿದ್ದೇನೆ.

ಮಾಡಿನ ಮೇಲಿದ್ದ ಸೋಲಾರು ಬೇಸಿಗೆಯಲ್ಲಿ ಮೈ ಬೊಬ್ಬೆ ಬರುವಷ್ಟು ನೀರು ಕೊಟ್ಟದ್ದು ನಿಜ. ಆದರೆ ನಮ್ಮಲ್ಲಿ ಆಷಾಢದ ಸೂರ್ಯ ಹಾಜರಿ ಹಾಕಲು ಬಂದ ನೌಕರನಂತೆ ಒಮ್ಮೆ ಮುಖ ತೋರಿಸಿ ಮಾಯವಾಗುತ್ತಾನೆ. ನಲ್ಲಿ ತಿರುಗಿಸಿದರೆ ಲಕ್ಷ್ಮಣತೀರ್ಥದ ಹೊಳೆಯೇ ಬಂದಷ್ಟು ತಣ್ಣಗಿನ ನೀರು. ನೀರಿಗೆ ಇಳಿಬಿಡುವ ಕರೆಂಟಿನ ಕಾಯಿಲು ಹಾಕೋಣವೆಂದರೆ ಮಳೆಯ ಮೊದಲ ಹನಿ ಬೀಳುವ ಮೊದಲೇ ಕರೆಂಟು ಹೊರಟುಹೋಗುತ್ತಿತ್ತು. ಗ್ಯಾಸಿನ ಮೇಲೆ ಪಾತ್ರೆ ಪಾತ್ರೆಯಾಗಿ ಕಾಯಿಸಿದರೆ ಎರಡನೆಯದು ಕುದಿಯುವ ಹೊತ್ತಿಗೆ ಮೊದಲನೆಯದು ಆರುತ್ತಿತ್ತು. ಕೂಸನ್ನು ನೋಡಲೆಂದು ನಾನು ದಿನಾ ಬೆಳಿಗ್ಗೆ ಹೋಗುತ್ತಿದ್ದೆ. ಬಚ್ಚಲಿನಲ್ಲಿ ಕಾವ್ಯ ಮೊಣಕಾಲು ತಬ್ಬಿಕೊಂಡು, ಹಲ್ಲು ಕಟಕಟ ಕಡಿಯುತ್ತ ಕೂತಿರುತ್ತಿದ್ದಳು. ತಾಯಿ ಅಧ್ಯಕ್ಷೆಯಾದದ್ದಕ್ಕೆ ಮಗಳು ನಡುಗಬೇಕೇ?

"ಒಲೆ ಕಟ್ಸು ಭಾಗ್ಯ, ಮೊಮ್ಮಗ್ಳ ಸೊಂಟ ಬಿದ್ದೋದಾತು" ಎಂದು ಚಿಕ್ಕತಾಯಮ್ಮ ದಿನಕ್ಕೊಮ್ಮೆ ಗದ್ದಲ ಎಬ್ಬಿಸುತ್ತಿದ್ದರು.

"ಊರವ್ರುಗೆಲ್ಲಾ ಒಡೀರಿ ಅಂತ ಏಳ್ಬುಟ್ಟು, ನಾನೇ ಎಂಗತ್ತೆ ಕಟ್ಸದು? ನನ್ ಮಾತ್ಗೆ ಏನ್ ಬೆಲೆ ಉಳ್ದದು?" ಎನ್ನುತ್ತಿದ್ದರು ಭಾಗ್ಯಮ್ಮ. ಹಾಗೆಂದು ಹೊರಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಡೀ ಊರಿನಲ್ಲಿ ಹೊಗೆಯಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದವರು ಅವರೊಬ್ಬರೇ. ಊರವರು ಒಲೆ ಒಡೆದಿಲ್ಲ, ಗೂಡು ಮಾತ್ರ ಕೆಡವಿದ್ದಾರೆ ಎಂದು ಆಕೆಗೆ ಹೇಳುವ ಧೈರ್ಯ ನನಗಾಗಲಿಲ್ಲ. ಆಕೆಗೆ ತಿಳಿದೇ ಇತ್ತು ಎಂದು ಈಗ ಅನಿಸುತ್ತದೆ.

ಇಂಥ ಒಂದು ಬೆಳಿಗ್ಗೆ ಸ್ವಾಮಿಗೌಡರು ಬ್ಯಾರನ್ ಕಾವಲು ಮುಗಿಸಿ ಮನೆಗೆ ಬಂದರು. ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಶಾಖ ಏರದಂತೆ ಇಳಿಯದಂತೆ ರಾತ್ರಿಯೆಲ್ಲ ಒಬ್ಬರು ಕಾಯುತ್ತಿರಬೇಕು. ಹಾಗೆ ನಿದ್ದೆಗೆಟ್ಟು ಬಂದ ಮನುಷ್ಯನ ಮುಖ ಮಿರಮಿರ ಹೊಳೆಯುತ್ತಿತ್ತು, ತಲೆ ಬಾಚಿತ್ತು, ಹಣೆಯಲ್ಲಿ ವಿಭೂತಿ. ಭಾಗ್ಯಮ್ಮ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಎಲ್ ನೀರಾಕ್ಕಂಡ್ರಿ?"

"ಅಲ್ಲೇ ಕಣಮ್ಮಿ, ಬ್ಯಾರನ್ ತಾವು."

"ಈ ಚಳೀಲಿ ತಣ್ಣೀರಾ?"

ಸ್ವಾಮಿಗೌಡರು ಮಾಡಿನ ಹೆಂಚುಗಳನ್ನು ಪರೀಕ್ಷಿಸತೊಡಗಿದರು. "ಊಂ… ಒಸಿ ಬೆಚ್ಗಿತ್ತು."

ಸತ್ಯ ಹೊರಬಿತ್ತು. ಬ್ಯಾರನ್‌ನ ಒಲೆಬಾಯಿಯ ಪಕ್ಕ ಒಂದು ಹಳೆಯ ಡ್ರಮ್ಮು ಇಟ್ಟರೆ ಬೆಂಕಿಯ ಝಳಕ್ಕೇ ನೀರು ಕಾಯುತ್ತದೆ. ಊರಿನ ಗಂಡಸರೆಲ್ಲ ಹದದ ಕಾಲದುದ್ದಕ್ಕೂ ತಲೆತಲಾಂತರದಿಂದ ಅಲ್ಲೇ ಹಾಯಾಗಿ ಮೀಯುತ್ತಿದ್ದಾರೆ. ಮನೆಯಲ್ಲಿ ಹೆಂಗಸರು ಕಣ್ಣೀರು ಸುರಿಸುತ್ತ ಒಲೆ ಊದುವಾಗ ಇವರಿಗೆ ಆ ಮಾತು ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಚಿಕ್ಕತಾಯಮ್ಮ ಮಗನನ್ನು ಏನೆಂದು ಬೈದರು ಎಂಬುದನ್ನು ಇಲ್ಲಿ ಬರೆಯಲಾರೆ, ನನ್ನ ಶಬ್ದಸಂಪತ್ತಿಗೂ ಒಂದು ಮಿತಿಯಿದೆ.

ಮಾರನೆಯ ದಿನದಿಂದ ಸ್ವಾಮಿಗೌಡರಿಗೆ ಹೊಸ ಉದ್ಯೋಗ ಬಂತು. ಡೇರಿಗೆ ಹಾಲು ಹಾಕುವ ಕ್ಯಾನಿನಲ್ಲಿ ಬ್ಯಾರನ್‌ನ ಬಿಸಿನೀರು ತುಂಬಿ, ಗೋಣಿತಾಟು ಸುತ್ತಿ, ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಕೆಸರಿನಲ್ಲಿ ಜಾರದಂತೆ ಮನೆಗೆ ತರುವುದು. ಬರುವಷ್ಟರಲ್ಲಿ ಬಿಸಿ ಅರ್ಧ ಇಳಿದಿರುತ್ತಿತ್ತು. "ಇದು ಎಮ್ಮೆ ತೊಳ್ಯ ನೀರು" ಎಂದು ಅಜ್ಜಿ ಗೊಣಗುತ್ತಿದ್ದರು. ಆದರೂ ಕಾವ್ಯಳ ನಡುಕ ನಿಂತಿತು. ಹಾಲಿನ ಕ್ಯಾನು ಬರುವುದನ್ನು ಕಂಡು ಅಕ್ಕಪಕ್ಕದ ಮನೆಯವರೂ ತಂತಮ್ಮ ಗಂಡಂದಿರನ್ನು ವಿಚಾರಣೆಗೆ ಗುರಿಮಾಡಿದರೆಂದು ಕೇಳಿದೆ.

ಶ್ರಾವಣದಲ್ಲಿ ಪರಿಶೀಲನೆ ಬಂತು. ಮೈಸೂರಿನಿಂದ ಬಂದದ್ದು ಚೂಡಿದಾರದ ಮೇಲೆ ಮಳೆಯಂಗಿ ತೊಟ್ಟ ಒಬ್ಬ ಎಳೆಯ ಅಧಿಕಾರಿಣಿ. ಮಳೆಯಿಂದಾಗಿ ಡ್ರೋನ್ ಪೆಟ್ಟಿಗೆಯಲ್ಲೇ ಉಳಿದು, ಆಕೆ ಮನೆಮನೆಗೂ ನಡೆದೇ ಬರುವುದಾಗಿ ಹೇಳಿದಾಗ ಪಿಡಿಒ ಸಾಹೇಬರ ಮುಖ ಸಣ್ಣದಾಯಿತು. ಸ್ವಾಗತ ಭಾಷಣದ ಹೊಣೆ ಹೊತ್ತಿದ್ದ ನಾನೂ ಜೊತೆಗೆ ಹೋದೆ. ಮಾಡಿನ ಮೇಲೆ ಒಂದೂ ಹೊಗೆಗೂಡಿಲ್ಲ, ಕೆಳಗೆ ಬಾಗಿಲಿಗೆ ಬಂದ ಪ್ರತಿಯೊಬ್ಬ ಗೃಹಿಣಿಯ ಕಣ್ಣೂ ಕೆಂಡದಂತೆ ಕೆಂಪು. ಕೇಳಿದರೆ ಎಲ್ಲರದೂ ಒಂದೇ ಉತ್ತರ, ಈರುಳ್ಳಿ ಹೆಚ್ಚುತ್ತಿದ್ದೆ. "ಈ ಊರಲ್ಲಿ ಎಲ್ಲರೂ ಒಂದೇ ಟೈಮಿಗೆ ಈರುಳ್ಳಿ ಹೆಚ್ತಾರಾ?" ಎಂದು ಆಕೆ ಕೇಳಿದಳು. "ಇಲ್ಲಿ ಒಗ್ಗಟ್ಟು ಜಾಸ್ತಿ ಮೇಡಂ" ಎಂದರು ಪಿಡಿಒ. ಆಕೆ ಕೈಯಲ್ಲಿದ್ದ ಟ್ಯಾಬಿನಲ್ಲಿ ಏನೋ ಒತ್ತಿ ಮುಂದೆ ನಡೆದಳು.

ಭಾಗ್ಯಮ್ಮನ ಮನೆ ತಲುಪಿದಾಗ ಒಳಗೆ ಬಾಣಂತಿಯ ನೀರು ನಡೆದಿತ್ತು. ಆ ಚಳಿಗೆ ಬಚ್ಚಲ ಕಿಂಡಿಯಿಂದ, ಹೆಂಚಿನ ಸಂದಿಯಿಂದ ಬೆಳ್ಳಗೆ ಆವಿ ದಟ್ಟವಾಗಿ ಏಳುತ್ತಿತ್ತು. ಅಧಿಕಾರಿಣಿ ನಿಂತುಬಿಟ್ಟಳು. "ಅಧ್ಯಕ್ಷರೇ, ಇಡೀ ಊರಲ್ಲಿ ನಿಮ್ಮ ಮನೆಯಲ್ಲೇ ಹೊಗೆ!"

ಊರಿನಲ್ಲಿ ಒಲೆ ಕಿತ್ತುಹಾಕಿದ ಒಂದೇ ಒಂದು ಮನೆ ಅದು. ಹೊಗೆಯಲ್ಲ, ಆವಿ ಎಂದು ನಾನು ಹೇಳಿದೆ. ಆಕೆ ಒಳಗೆ ಇಣುಕಿ ಸಿಮೆಂಟು ಬಳಿದ ಜಾಗ ನೋಡಿದಳು, ಸೋಲಾರಿನ ನಲ್ಲಿ ತಿರುಗಿಸಿ ಬೆರಳಿಟ್ಟು ತಟ್ಟನೆ ಹಿಂದಕ್ಕೆಳೆದುಕೊಂಡಳು. "ಇಲ್ಲಿ ತಣ್ಣೀರು ಬರ್ತಾ ಇದೆ. ಹಾಗಾದರೆ ಬಿಸಿನೀರು ಎಲ್ಲಿ ಕಾಯಿಸ್ತೀರಿ? ಒಲೆ ಎಲ್ಲಿ ಬಚ್ಚಿಟ್ಟಿದ್ದೀರಿ?" ಭಾಗ್ಯಮ್ಮನ ಮುಖ ಕಪ್ಪಿಟ್ಟಿತು. ಪಿಡಿಒ, ಹಿಂದೆ ನಿಂತಿದ್ದ ಸದಸ್ಯರು, ಮೊಪೆಡ್ಡಿನ ಪಕ್ಕ ನಿಂತಿದ್ದ ಸ್ವಾಮಿಗೌಡರು, ಎಲ್ಲರೂ ಆಕೆಗೆ ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದರು. ಸುಮ್ಮನಿದ್ದರೆ ಮಾತಿಗೆ ತಪ್ಪಿದವಳೆಂಬ ಹೆಸರು ಆಕೆಗೆ. ಬಾಯಿಬಿಟ್ಟರೆ ಯಾರೂ ಉಚ್ಚರಿಸದ ಆ ಬ್ಯಾರನ್‌ಗಳ ಕಡೆ ಸರ್ಕಾರದ ಕಣ್ಣು ಬೀಳುತ್ತದೆ.

"ಬನ್ನಿ ಮೇಡಂ, ತೋರುಸ್ತೀನಿ" ಎಂದರು ಭಾಗ್ಯಮ್ಮ.

ಊರಿನ ಮನೆಗಳ ಎಲ್ಲೆ ಗುರುತಿಸುವ ಗ್ರಾಮಠಾಣದ ಕಲ್ಲು ದಾಟಿ ನಾವೆಲ್ಲ ಮೆರವಣಿಗೆಯಾಗಿ ಹೊರಟೆವು. ಬ್ಯಾರನ್‌ನ ಒಲೆಬಾಯಿಯಲ್ಲಿ ಆಳುದ್ದದ ಸೌದೆ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ನೀರಿನ ಡ್ರಮ್ಮು. ಮೇಲೆ ಕೊಳವೆಯಿಂದ ಕಪ್ಪು ಹೊಗೆ. ಅದರಾಚೆ ಇನ್ನೊಂದು ಬ್ಯಾರನ್, ಅದರಾಚೆ ಮತ್ತೊಂದು, ಕಣ್ಣು ಹೋದಷ್ಟು ದೂರ. ನೆನೆದು ತೊಪ್ಪೆಯಾಗಿದ್ದ ಆ ಹುಡುಗಿ ತನಗರಿವಿಲ್ಲದೆ ಬೆಂಕಿಯ ಕಡೆಗೆ ಕೈ ಚಾಚಿ ಕಾಯಿಸಿಕೊಳ್ಳುತ್ತ, "ಇದನ್ನೆಲ್ಲ ಯಾಕೆ ಯಾರೂ ಹೇಳಲಿಲ್ಲ?" ಎಂದಳು. "ಇದು ಗ್ರಾಮಠಾಣದ ಗೆರೆಯಿಂದಾಚೆ ಮೇಡಂ. ಮ್ಯಾಪಿನಲ್ಲಿ ಬರಲ್ಲ" ಎಂದರು ಪಿಡಿಒ. ಆಕೆ ಮೇಲಧಿಕಾರಿಗೆ ಫೋನು ಮಾಡಿದಳು. ಬಹಳ ಹೊತ್ತು ಮಾತಾಡಿದಳು. ಆಕೆಯ ಧ್ವನಿ ಮೊದಲು ಗಟ್ಟಿಯಾಗಿತ್ತು, ಬರಬರುತ್ತ ಇಳಿಯಿತು. ಫೋನಿಟ್ಟು ಭಾಗ್ಯಮ್ಮನ ಮುಖ ನೋಡದೆ ಹೇಳಿದಳು. "ಗೆರೆಯಿಂದಾಚೆಗಿನ ಬೆಂಕಿ ನಮ್ಮ ಲೆಕ್ಕಕ್ಕೆ ಬರಲ್ಲವಂತೆ. ಗೆರೆಯ ಒಳಗೆ ಬರೋ ಬಿಸಿನೀರು ಮಾತ್ರ ಬರುತ್ತಂತೆ. ಅದಕ್ಕೆ ಹೊಗೆ ಇಲ್ಲ."

ಹೀಗೆ ನಮ್ಮೂರಿಗೆ ಪ್ರಶಸ್ತಿ ಬಂತು. ವ್ಯರ್ಥವಾಗುತ್ತಿದ್ದ ಶಾಖವನ್ನು ಮರುಬಳಸಿದ ವಿನೂತನ ಪ್ರಯೋಗ ಎಂದು ಬಿನ್ನವತ್ತಳೆಯಲ್ಲಿ ಬರೆದಿತ್ತು. ವಾಕ್ಯ ಸಾಧಾರಣವಾಗಿತ್ತು, ನಾನಾಗಿದ್ದರೆ ಇನ್ನೆರಡು ವಿಶೇಷಣ ಸೇರಿಸುತ್ತಿದ್ದೆ. ತಮಾಷೆಯೆಂದರೆ ಇಡೀ ಯೋಜನೆಯಲ್ಲಿ ನಿಜವಾಗಿ ಒಂದಿಷ್ಟು ಸೌದೆ ಉಳಿಸಿದ್ದು ಸ್ವಾಮಿಗೌಡರ ಆ ಹಾಲಿನ ಕ್ಯಾನು ಮಾತ್ರ. ಉಳಿದ ಪಂಚಾಯಿತಿಗಳೂ ಈ ಮಾದರಿಯನ್ನು ಅನುಸರಿಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಕೃಷ್ಣರಾಜನಗರದಿಂದ ತಮ್ಮ ಫೋನು ಮಾಡಿದ. "ಅಕ್ಕ, ನಮ್ ಪಂಚಾಯ್ತಿಯೋರೂ ಒಂದ್ ಬ್ಯಾರನ್ ಮಂಜೂರು ಮಾಡ್ಕೊಡಿ ಅಂತ ಅರ್ಜಿ ಆಕವ್ರೆ ಕಣಕ್ಕ." ಅಲ್ಲಿ ಬೆಳೆಯುವುದು ಭತ್ತ ಮತ್ತು ಕಬ್ಬು. "ಹೊಗೆಸೊಪ್ಪೇ ಇಲ್ಲವಲ್ಲೋ, ಬ್ಯಾರನ್‌ನಲ್ಲಿ ಏನು ಹಾಕ್ತೀರಿ?" ಎಂದೆ. "ಏನೂ ಆಕದಿಲ್ಲ. ಊರಾಚೆ ಬೆಂಕಿ ಆಕದು, ಊರೊಳುಕ್ಕೆ ನೀರ್ ತರದು. ಪ್ರಶಸ್ತಿ ಬಂದದಂತಲ್ಲಾ?" ಎಂದ. ಅವನು ಹೇಳಿದ್ದು ಗಂಭೀರವಾಗಿಯೇ.

ಹೊಗೆಸೊಪ್ಪು ಮುಗಿಯಿತು. ಮಾಳಪಕ್ಷದ, ಎಂದರೆ ಪಿತೃಪಕ್ಷದ, ಹೊತ್ತಿಗೆ ಸ್ವಾಮಿಗೌಡರ ಬ್ಯಾರನ್ ತಣ್ಣಗಾಯಿತು. ಕಾವ್ಯಳ ಬಾಣಂತನ ಮುಗಿದಿರಲಿಲ್ಲ, ಹಸ್ತೆಯ ಮಳೆ ಬಿಡದೆ ಹಿಡಿದಿತ್ತು, ಸೋಲಾರು ಮಾಡಿನ ಮೇಲೆ ಮೌನವ್ರತದಲ್ಲಿತ್ತು. ಒಂದು ಬೆಳಿಗ್ಗೆ ಕೂಸಿಗೆ ಶೀತವಾಗಿ ಕಾವ್ಯಳೂ ಜ್ವರದಿಂದ ಮುದುರಿ ಮಲಗಿದ್ದಳು. ಭಾಗ್ಯಮ್ಮ ಅವಳ ಹಣೆ ಮುಟ್ಟಿ ನೋಡಿದರು, ಎದ್ದು ಹೊರಗೆ ಹೋದರು. ನಾನು ಸಂಜೆ ಹೋದಾಗ ಅವರ ಬಚ್ಚಲ ಮಾಡಿನ ಮೇಲೆ ಮೇಸ್ತ್ರಿ ಕೂತಿದ್ದ. ಕೆಳಗೆ ಒಲೆ ಎದ್ದಿತ್ತು. ಅದರ ಮೇಲೆ ಹೆಂಚು ಸರಿಸಿ, ಆಳೆತ್ತರದ ಹೊಗೆಗೂಡು ಕಟ್ಟುತ್ತಿದ್ದ. ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಕಾಣುವಂತಿತ್ತು.

ಪಿಡಿಒ ಓಡಿ ಬಂದರು. "ಏನ್ ಮೇಡಂ ಇದು! ಒಲೆ ಬೇಕಾದ್ರೆ ಸದ್ಯಕ್ಕೆ ಇಟ್ಕಳಿ, ಯಾರೂ ಕೇಳಲ್ಲ. ಗೂಡು ಮಾತ್ರ ಬ್ಯಾಡಿ. ಪ್ರಶಸ್ತಿ ವಾಪಸ್ ತಗಬುಡ್ತಾರೆ."

"ತಗಳ್ಲಿ ಬುಡಿ" ಎಂದರು ಭಾಗ್ಯಮ್ಮ. "ನಾನ್ ಮಾತು ಕೊಟ್ಟಿದ್ದು ಹೊಗೆ ಕಮ್ಮಿ ಮಾಡ್ತೀನಿ ಅಂತ ಸಾ. ಹೊಗೆ ಬಚ್ಚಿಡ್ತೀನಿ ಅಂತ ಅಲ್ಲ. ಊರ್ ಹೆಣ್ಮಕ್ಳು ಕೆಮ್ಮಿ ಕೆಮ್ಮಿ ಸಾಯ್ತಾವ್ರೆ, ನನ್ ಕಣ್ಗೆ ಕಾಣಕಿಲ್ವಾ? ಸೋಲಾರು ಬ್ಯಾಸ್ಗೇಲಿ ಇರ್ಲಿ, ಮಳೇಲಿ ಇದಿರ್ಲಿ. ಎಣ್ಸೋರು ಬರ್ಲಿ, ಇದುನ್ನೂ ಎಣ್ಸ್ಲಿ. ಹಂಗೇ ಗೆರೆ ದಾಟ್ಬುಟ್ಟು ಅವುನ್ನೂ ಎಣ್ಸ್ಲಿ. ಮದ್ಲು ನಮ್ದೇ ಬರ್ಕಳಿ." ಹಾಗೆನ್ನುತ್ತ ಊರಾಚೆಯ ಬ್ಯಾರನ್‌ಗಳ ಕಡೆ ಕೈ ತೋರಿಸಿದರು.

ಮೇಸ್ತ್ರಿಗೆ ಇಟ್ಟಿಗೆ ಎತ್ತಿಕೊಡುತ್ತಿದ್ದವರು ಸ್ವಾಮಿಗೌಡರು. ಅವರ ಕೈ ಇಟ್ಟಿಗೆಯೊಂದಿಗೆ ಹಾಗೇ ನಿಂತಿತು. ಆ ಬ್ಯಾರನ್ ಅವರ ಅಪ್ಪ ಕಟ್ಟಿಸಿದ್ದು. ಕಾವ್ಯಳ ಮದುವೆಯಾದದ್ದು, ಈ ಮನೆಗೆ ಹೆಂಚು ಹೊದಿಸಿದ್ದು ಎಲ್ಲ ಅದರ ಬೆಂಕಿಯಿಂದಲೇ. ಹೆಂಡತಿಯ ಮುಖವನ್ನು ನೋಡಿದರು, ಒಳಗೆ ಮಗಳು ಕೆಮ್ಮುವುದನ್ನು ಕೇಳಿಸಿಕೊಂಡರು. ಪಿಡಿಒ ಅವರ ಬಾಯಿಂದ ಏನಾದರೂ ಬರುತ್ತದೆಂದು ಕಾಯುತ್ತಿದ್ದರು. ಅವರು ಇಟ್ಟಿಗೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಇನ್ನೊಂದಕ್ಕೆ ಬಗ್ಗಿದರು. ನನಗೆ ಆ ಮನುಷ್ಯನ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಜ್ವರ ಇಳಿದು ಕಾವ್ಯಳಿಗೆ ಮತ್ತೆ ನೀರು ಹಾಕಿದ ದಿನ ನಾನೂ ಅಲ್ಲಿದ್ದೆ. ಒಲೆ ಬೆಳಗಿನಿಂದ ಉರಿದು ಹಂಡೆ ಕೊತಕೊತ ಕುದಿಯುತ್ತಿತ್ತು. ಗೂಡಿನಿಂದ ಎದ್ದ ಹೊಗೆಯನ್ನು ಬೀದಿಯ ಹೆಂಗಸರು ಹೊಸಿಲಿಗೆ ಬಂದು ನಿಂತು ನೋಡುತ್ತಿದ್ದರು. ಮೇಸ್ತ್ರಿ ನಾಳೆ ಯಾರ ಮನೆಗೆ ಬರುತ್ತಾನೆಂದು ಒಬ್ಬರು ಇನ್ನೊಬ್ಬರನ್ನು ಕೇಳುತ್ತಿದ್ದರು. ನಾನೂ ಕೇಳಿದೆ. ಭಾಗ್ಯಮ್ಮ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕಿವಿಗೊಟ್ಟು ಕೂತಿದ್ದರು. ಒಳಗೆ ಮೊದಲ ಚೊಂಬು ರಪ್ಪನೆ ಬಿತ್ತು.

"ಅಯ್ಯಯ್ಯೋ ಅಜ್ಜೀ, ಸುಡ್ತದೆ! ಸಾಕು ಬುಡೀ!"

"ಸುಡ್ಲಿ, ಸುಮ್ಕೆ ಕೂತ್ಕೊ" ಎಂದು ಚಿಕ್ಕತಾಯಮ್ಮ ಎರಡನೆಯದನ್ನು ಹೊಯ್ದರು. ಕಾವ್ಯ ಊರಿಗೆಲ್ಲ ಕೇಳುವಂತೆ ಕಿರುಚಿಕೊಂಡಳು. ಭಾಗ್ಯಮ್ಮ ಕೂಸಿನ ತಲೆಯ ಮೇಲೆ ಕೈಯಾಡಿಸುತ್ತ, ಎಷ್ಟೋ ದಿನಗಳ ಮೇಲೆ, ಬಾಯ್ತುಂಬ ನಕ್ಕರು.